ಹಕ್ಕಿಯ ಚಿತ್ರಕ್ಕೊಂದು ಕ್ರಿಯಾಪದ

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಸದಸ್ಯರು ತೆಗೆದ ಹಕ್ಕಿಗಳ ಛಾಯಾಚಿತ್ರ ಪ್ರದರ್ಶನ ನಡೆಯಿತು. ಮುಂಬಯಿಯ ಬಾಲ್ಕನಿ, ಕಾಂಪೌಂಡು, ಹೂಕುಂಡಗಳ ನಡುವೆ ಸುಳಿದಾಡುವ ಸೂರಕ್ಕಿ, ಪಿಕಳಾರ, ಟುವ್ವಿ, ಗುಬ್ಬಚ್ಚಿಗಳೇ ಅಲ್ಲಿನ ನಾಯಕ ನಾಯಕಿಯರು. ಕಚೇರಿ, ಲೋಕಲ್ ರೈಲುಗಳ ನಡುವೆ ಬಿಡುವು ಮಾಡಿಕೊಂಡು ಇಷ್ಟು ಶ್ರಮಪಟ್ಟ ಬಂಧುಗಳನ್ನು ಮೊದಲು ಅಭಿನಂದಿಸುತ್ತೇವೆ. ಆದರೆ ಅಭಿನಂದನೆಯೊಂದನ್ನೇ ಬರೆದು ಮುಗಿಸಿದರೆ ಅದು ವಿಮರ್ಶೆಯಾಗದು.

'ಇದು ಗುಬ್ಬಿ' ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣವಾಯಿತು, ಕ್ರಿಯಾಪದ ಬೇಕಾಗಿಲ್ಲ. ಕಥೆ ಮಾತ್ರ ಇನ್ನೂ ಆರಂಭವಾಗಿಲ್ಲ. ಪ್ರದರ್ಶನದ ಬಹುಪಾಲು ಚಿತ್ರಗಳು ಇಂಥವೇ. ಕೊಂಬೆಯ ಮೇಲೆ ಹಕ್ಕಿ, ಹಿಂದೆ ಮಸುಕಾದ ಹಸಿರು, ಕಣ್ಣಿನಲ್ಲೊಂದು ಹೊಳಪು. ಅಂದವಾಗಿವೆ, ನಿಜ, ಆದರೆ ಹಕ್ಕಿ ಏನು ಮಾಡುತ್ತಿದೆ ಎಂದು ಕೇಳಿದರೆ ಉತ್ತರವಿಲ್ಲ.

ಇದಕ್ಕೆ ಅಪವಾದವಾಗಿ ಮೂಲೆಯಲ್ಲೊಂದು ಸೂರಕ್ಕಿಯ ಚಿತ್ರವಿತ್ತು. ಅದು ದಾಸವಾಳದ ಬಾಯಿಗೆ ಕೊಕ್ಕಿಡದೆ ಬುಡಕ್ಕೇ ಚುಚ್ಚಿ ಮಕರಂದ ಹೀರುತ್ತಿದೆ. ಪರಾಗ ಸಾಗಿಸುವ ಕೂಲಿ ಮಾಡದೆ ಸಂಬಳ ಪಡೆಯುವ ಉಪಾಯ! ಹೂವಿಗೆ ಕನ್ನ ಹಾಕುವ ಈ ಕಳ್ಳತನವನ್ನು ಹಿಡಿಯಬೇಕಾದರೆ ಛಾಯಾಗ್ರಾಹಕರು ಆ ಗಿಡದ ಮುಂದೆ ಎಷ್ಟೋ ಬೆಳಗುಗಳನ್ನು ಕಳೆದಿರಬೇಕು. ಇನ್ನೊಂದರಲ್ಲಿ ಗುಬ್ಬಚ್ಚಿ ಧೂಳಿನಲ್ಲಿ ಮೀಯುತ್ತಿದೆ. ತಲೆ ಸ್ಪಷ್ಟ, ರೆಕ್ಕೆ ಮಸುಕು. ಆ ಮಸುಕನ್ನು ದೋಷವೆಂದವರಿದ್ದರು. ನಮಗೆ ಅದೇ ಚಿತ್ರದ ಜೀವವಾಗಿ ಕಂಡಿತು. ಸೆಕೆಂಡಿನ 1/4000 ಭಾಗದಲ್ಲಿ ತೆಗೆದಿದ್ದರೆ ಧೂಳಿನ ಕಣ ಕಣವೂ ನಿಲ್ಲುತ್ತಿತ್ತು. ಅದರೊಂದಿಗೆ ಸ್ನಾನವೂ ನಿಂತುಬಿಡುತ್ತಿತ್ತು.

ವೇಗವೊಂದೇ ಸಾಲದು. ಹಾರುವ ಹಕ್ಕಿಯನ್ನು ಹಿಡಿಯಲು ಫ್ರಾನ್ಸಿನ ಮಾರೆ 1882ರಲ್ಲಿ ಬಂದೂಕಿನಾಕಾರದ ಕ್ಯಾಮೆರಾ ಮಾಡಿದಾಗ ಅದು ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಇಂದು 20 ತೆಗೆಯುವ ಕ್ಯಾಮೆರಾಗಳು ನಮ್ಮ ಸದಸ್ಯರ ಕೈಯಲ್ಲೇ ಇವೆ. ಆದರೆ ರೆಕ್ಕೆ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಮಾರೆಗಿತ್ತು. ನಮ್ಮಲ್ಲಿ ಪ್ರಶ್ನೆಯಿಲ್ಲದೆಯೇ ಉತ್ತರಗಳು ರಾಶಿ ಬೀಳುತ್ತಿವೆ.

ಇನ್ನು ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಟುವ್ವಿಯ ಗೂಡಿನ ಚಿತ್ರ: ತಾಯಿ ಮರಿಗೆ ಹುಳು ತಿನ್ನಿಸುತ್ತಿದೆ. ಕ್ರಿಯಾಪದವೇನೋ ಇದೆ. ಆದರೆ ಎಲೆಗಳನ್ನು ಹೊಲಿದು ಮರೆಮಾಡಿದ ಆ ಗೂಡು ಇಷ್ಟು ಬಿಚ್ಚಿಕೊಂಡು ಕಂಡದ್ದು ಹೇಗೆ? ಮುಂದಿನ ಎಲೆಯನ್ನು ದಾರದಿಂದ ಪಕ್ಕಕ್ಕೆ ಕಟ್ಟಿದ್ದೆವೆಂದು ಚಿತ್ರ ತೆಗೆದ ಮಿತ್ರರೇ ಸಹಜವಾಗಿ ಹೇಳಿದರು. ಅವರಿಗೆ ಕೇಡಿನ ಉದ್ದೇಶವಿರಲಿಲ್ಲ. ಹಿಂದಿನ ತಲೆಮಾರಿನ ಹೆಸರಾಂತ ಛಾಯಾಗ್ರಾಹಕರಲ್ಲೂ ಈ ರೂಢಿ ಇತ್ತು. ಆದರೆ ಮರೆ ತಪ್ಪಿದ ಮರಿಗೆ ಮೇಲೆ ಬಿಸಿಲು, ಪಕ್ಕದಲ್ಲಿ ಕಾಗೆ. ಇಂದು ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ನಮ್ಮ ಸಂಘವೂ ಮುಂದಿನ ವರ್ಷದಿಂದ ಹಾಗೆಯೇ ಮಾಡಲಿ ಎಂಬುದು ನಮ್ಮ ಸೂಚನೆ.

ನೋಡುವುದಕ್ಕೆ ಗುರುಗಳು ದೂರದಲ್ಲಿಲ್ಲ. ಮುಂಬಯಿಯವರೇ ಆದ ಸಲೀಂ ಅಲಿ 1930ರಲ್ಲಿ ಅಲಿಬಾಗ್ ಬಳಿಯ ಕಿಹೀಮ್‌ನಲ್ಲಿ ತಿಂಗಳುಗಟ್ಟಲೆ ಗೀಜಗಗಳನ್ನು ನೋಡುತ್ತ ಕುಳಿತರು. ಗಂಡು ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಂಸಾರ, ಅದಾದ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬ ಗುಟ್ಟು ಹೊರಬಿದ್ದದ್ದು ಆ ತಾಳ್ಮೆಯಿಂದ. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದಲ್ಲೇ ಅವುಗಳ ಬಗ್ಗೆ ಬರೆದರು.

ಪ್ರದರ್ಶನದಲ್ಲಿ ಒಬ್ಬ ಪುಟ್ಟ ಹುಡುಗಿ ಟುವ್ವಿಯ ಚಿತ್ರದ ಮುಂದೆ ನಿಂತು, "ಅಪ್ಪಾ, ಆ ಎಲೆ ಮತ್ತೆ ಬಿಚ್ಚಿದರಾ?" ಎಂದು ಕೇಳಿದಳು. ನಮ್ಮ ಬರಹಕ್ಕಿಂತ ಅವಳ ವಿಮರ್ಶೆ ದೊಡ್ಡದು.