ಕಣಕಾಲಿನ ತಕರಾರು

ಬೂಟಿಲ್ಲದೆ ಓಡುವುದೇ ಸರಿ ಎನ್ನುವ ಬರಿಗಾಲ ಓಟದ ಪಂಥದವರೊಂದಿಗೆ ನನ್ನದೊಂದು ಹಳೇ ಬಾಕಿ ಇದೆ. 2009ರಲ್ಲಿ ಅಮೆರಿಕದ ಲೇಖಕ ಮೆಕ್‌ಡೂಗಲ್‌ನ ‘ಬಾರ್ನ್ ಟು ರನ್’ ಪುಸ್ತಕ ಬಂದದ್ದೇ ತಡ, ಮೆಕ್ಸಿಕೋದ ತರಾಹುಮಾರ ಜನ ತೆಳು ಚಪ್ಪಲಿಯಲ್ಲೇ ಗುಡ್ಡ ಹತ್ತಿಳಿಯುತ್ತಾರೆಂದು ಇವರು ನಮ್ಮ ಹುಡುಗರ ಬೂಟು ಬಿಚ್ಚಿಸಲು ನಿಂತರು. ಆ ಜನ ಹುಟ್ಟಾ ಹಾಗೆ ಓಡಾಡಿದವರು. ಸಿಂದಗಿಯ ಹುಡುಗ ನಿನ್ನೆ ಬಿಚ್ಚಿದವನು. ದುಬಾರಿ ಬೂಟು ಮಾರುವವರೇನೂ ಸಾಚಾ ಅಲ್ಲ, ಆ ಮಾತು ಬೇರೆ.

ಜಗಳ ಬಿಡಿ, ರಸ್ತೆಗೆ ಬನ್ನಿ. ಪೊಲೀಸ್ ಅಥವಾ ಅಗ್ನಿವೀರ ಭರ್ತಿಯ ಸುದ್ದಿ ಹಬ್ಬಿತೆಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಡಾಂಬರಿನ ಮೇಲೆ ನಸುಕಿನಲ್ಲೇ ಓಟ. ಸೈನ್ಯದ 1600 ಮೀಟರಿನಲ್ಲಿ ಪೂರ್ತಿ 60 ಅಂಕ ಬೇಕಾದರೆ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಡಾಂಬರು ಕಾಲು ಕೆಡಿಸುತ್ತದೆ, ಹೊಲದಲ್ಲಿ ಓಡಬಾರದೇ ಎನ್ನುವವರು ಎರಿ ನೆಲ ಕಂಡವರಲ್ಲ: ಮಳೆಯಾದರೆ ಬೂಟಿಗೆ ಸೇರುಗಟ್ಟಲೆ ಮೆತ್ತುತ್ತದೆ, ಬೇಸಿಗೆಯಲ್ಲಿ ಪಾದ ಸಿಗುವಷ್ಟು ಬಿರುಕು.

ಆದರೆ ಕಣಕಾಲು ಕೆಡಿಸುವುದರಲ್ಲಿ ಡಾಂಬರಿಗಿಂತ ಅವಸರದ್ದೇ ದೊಡ್ಡ ಕೈ. ದಮ್ಮು ಕೆಲವೇ ವಾರಕ್ಕೆ ಪಳಗುತ್ತದೆ. ಎಲುಬು ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಕಟ್ಟುವುದು ಆಮೇಲೆ. ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ಬಡವು. ನಮ್ಮ ಹುಡುಗ ‘ದಮ್ಮು ಬಂತು’ ಎಂದು ಓಟ ಇಮ್ಮಡಿ ಮಾಡುವುದು ಸರಿಯಾಗಿ ಆಗಲೇ.

ಹೆಬ್ಬೆರಳಿನಿಂದ ಕಣಕಾಲಿನ ಒಳಮಗ್ಗುಲಿನ ಅಂಚನ್ನು ಒತ್ತುತ್ತ ಹೋಗಿ. ನಾಲ್ಕು ಬೆರಳಗಲವೋ ಗೇಣುದ್ದವೋ ನೋವು ಹರಡಿದ್ದರೆ ಅದು ಶಿನ್ ಸ್ಪ್ಲಿಂಟ್ಸ್. ಓಟ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ನಾಣ್ಯದಷ್ಟೇ ಜಾಗ ಚುಚ್ಚಿ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕಿನ ಅನುಮಾನ. ಎಕ್ಸ್‌ರೇಯಲ್ಲಿ ಅದು ಮೊದಲ ಎರಡು ಮೂರು ವಾರ ಕಾಣದೇ ಇರಬಹುದು; ‘ಏನೂ ಇಲ್ಲ, ಓಡು’ ಎಂಬ ಅಪ್ಪಣೆ ಹುಟ್ಟುವುದು ಅಲ್ಲಿಂದಲೇ. ಮೂರನೆಯದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್: ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಸ್ನಾಯು ಬಿಗಿದು, ಕೆಲವೊಮ್ಮೆ ಪಾದ ಜೋಮು ಹಿಡಿದು, ನಿಂತರೆ ಸಡಿಲ. ಎಣ್ಣೆ ತಿಕ್ಕಿ ಅದನ್ನು ಓಡಿಸಲಾಗದು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಇದೆ. ಓಟಕ್ಕೆ ತಕ್ಕ ಊಟವಿಲ್ಲದೆ ಮುಟ್ಟು ತಪ್ಪುತ್ತಿದ್ದರೆ ಎಲುಬು ಒಳಗೇ ಸವೆಯುತ್ತಿರುತ್ತದೆ. ಮೈದಾನದ ಉಸ್ತಾದರು ಗಡಿಯಾರ ನೋಡುತ್ತಾರೆ, ಇದನ್ನು ಕೇಳುವುದಿಲ್ಲ.

ನಮ್ಮದು ಸೈಕಲ್ ಸವಾರರ ಜಿಲ್ಲೆ. ಕಾಲು ಮಾಗುವ ತನಕ ಹುಡುಗ ಬಾಗೇವಾಡಿ ರಸ್ತೆಯಲ್ಲಿ ಎದುರುಗಾಳಿಗೆ ಪೆಡಲ್ ತುಳಿಯಲಿ. ಎಲುಬಿಗೆ ಪೆಟ್ಟಿಲ್ಲ, 1600 ಮೀಟರಿನ ದಮ್ಮೂ ಬಹುಪಾಲು ಉಳಿಯುತ್ತದೆ.