ಕೆಲಸ ಹೋದ ಮೇಲೆ ಗೆದ್ದ ಸಮಾನ ವೇತನ

ಸಮಾನ ವೇತನದ ಮಾತು ಬಂದಾಗ ಕಾರ್ಮಿಕ ವಕೀಲರು ತಪ್ಪದೆ ಎತ್ತುವ ಹೆಸರು ಆಡ್ರೆ ಡಿಕೋಸ್ಟಾ. ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಅವರ ಹುದ್ದೆಯ ಹೆಸರೇ ‘ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೋಗ್ರಾಫರ್’. 1977ರ ಜೂನ್ 13ರಂದು ಅವರನ್ನು ಕೆಲಸದಿಂದ ತೆಗೆಯಲಾಯಿತು. ಆಮೇಲೆ ಅವರು 1976ರ ಸಮಾನ ವೇತನ ಕಾಯ್ದೆಯಡಿ ದೂರು ಕೊಟ್ಟರು: ಇಂಥದೇ ಕೆಲಸಕ್ಕೆ ಗಂಡಸರಿಗೆ ಹೆಚ್ಚು ಸಂಬಳ ಕೊಟ್ಟಿದ್ದೀರಿ, ನನಗೆ ಬರಬೇಕಾದ ಬಾಕಿ ಕೊಡಿ. ಪ್ರಾಧಿಕಾರ, ಮೇಲ್ಮನವಿ, ಬಾಂಬೆ ಹೈಕೋರ್ಟ್ ದಾಟಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1987ರ ಮಾರ್ಚ್ 26ಕ್ಕೆ. ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ.

ಈ ತೀರ್ಪಿನ ನಿಜವಾದ ಹೆಚ್ಚುಗಾರಿಕೆ ಇರುವುದು ಅದು ಕಚೇರಿಯ ಒಳಗನ್ನು ನೋಡಿದ ಬಗೆಯಲ್ಲಿ. ಹಿರಿಯ ಅಧಿಕಾರಿಗಳ ಬಳಿ ಇದ್ದ ಸ್ಟೆನೋಗಳೆಲ್ಲ ಹೆಂಗಸರು. ಸಾಮಾನ್ಯ ಸ್ಟೆನೋ ವಿಭಾಗದಲ್ಲಿದ್ದವರು ಗಂಡಸರು. ಈ ಹೆಂಗಸರಿಗೆ ಅಲ್ಲಿಗೆ ವರ್ಗಾವಣೆ ಇಲ್ಲ. ಹೀಗೆ ಬೇರೆ ಬೇರೆ ಕೂರಿಸಿದ ಕಂಪನಿಯೇ ‘ಇವರ ಕೆಲಸ ಬೇರೆ, ಅವರ ಕೆಲಸ ಬೇರೆ’ ಎಂದು ವಾದಿಸಿತು. ಸಣ್ಣಪುಟ್ಟ ವ್ಯತ್ಯಾಸ ಹೆಕ್ಕಿ ತೆಗೆಯಬೇಡಿ, ಕೆಲಸವನ್ನು ಒಟ್ಟಾರೆ ನೋಡಿ ಎಂದಿತು ನ್ಯಾಯಾಲಯ. ಯೂನಿಯನ್ ಜೊತೆಗಿನ ಒಪ್ಪಂದದ ಪ್ರಕಾರವೇ ಸಂಬಳ ಕೊಟ್ಟಿದ್ದೇವೆ ಎಂಬ ಸಬೂಬೂ ನಿಲ್ಲಲಿಲ್ಲ. ಕೊಡಲು ದುಡ್ಡಿಲ್ಲ ಎಂಬ ಮಾತಂತೂ ಕಾಯ್ದೆಯ ಮುಂದೆ ನಡೆಯುವುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಹೆಂಗಸರ ದುಡಿಮೆಯನ್ನು ಅಗ್ಗವಾಗಿಸುವ ಉಪಾಯಗಳನ್ನು ಇಷ್ಟು ನೇರವಾಗಿ ಬಿಡಿಸಿಟ್ಟ ತೀರ್ಪುಗಳು ನಮ್ಮಲ್ಲಿ ವಿರಳ.

ಆದರೂ ಓದಿ ಮುಗಿಸಿದಾಗ ಒಂದು ಕೊರತೆ ಕಾಡುತ್ತದೆ. ಆಕೆಯ ಕೆಲಸ ಹೋದದ್ದು ಇಲ್ಲಿ ಬರೀ ಒಂದು ತಾರೀಖು. ಯಾಕೆ ತೆಗೆದರು, ಅದು ಸರಿಯೇ ಎಂಬುದು ಆ ಅರ್ಜಿಯ ವಿಷಯವೇ ಆಗಿರಲಿಲ್ಲ. ಅವರಿಗೆ ಮಂಜೂರಾದದ್ದು 7,196 ರೂಪಾಯಿ 67 ಪೈಸೆ ಬಾಕಿ. ಅದಕ್ಕೆ ಸುಮಾರು ಹತ್ತು ವರ್ಷ. ತಪ್ಪು ನ್ಯಾಯಮೂರ್ತಿಗಳದ್ದಲ್ಲ, ಕಾಯ್ದೆಯದ್ದು. ದೂರು ಕೊಟ್ಟವಳನ್ನು ಕೆಲಸದಿಂದ ತೆಗೆಯಬಾರದು ಎಂಬ ಒಂದು ಕಲಮೂ 1976ರ ಕಾಯ್ದೆಯಲ್ಲಿ ಇರಲಿಲ್ಲ. ಸಂಬಳ ನಂಬಿ ಮನೆ ನಡೆಸುವ ಹೆಣ್ಣುಮಗಳು ಕುರ್ಚಿಯಲ್ಲಿ ಕೂತಿರುವಾಗಲೇ ದೂರು ಬರೆಯಲು ಯಾವ ಧೈರ್ಯ ತಾನೇ ಬಂದೀತು? ಕಳೆದುಕೊಳ್ಳಲು ಕೆಲಸವೇ ಉಳಿಯದಿದ್ದಾಗ ಬಾಯಿ ಬಿಡುವುದು ಇಂದಿಗೂ ನಡೆದೇ ಇದೆ.

ಮಾಲೀಕರ ವಿರುದ್ಧ ದೂರು ಕೊಟ್ಟ ಅಥವಾ ಸಾಕ್ಷಿ ಹೇಳಿದ ಕಾರ್ಮಿಕರನ್ನು ತೆಗೆಯುವುದು ‘ಅನುಚಿತ ಕಾರ್ಮಿಕ ಪದ್ಧತಿ’ ಎಂದು ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿದ್ದು 1982ರ ತಿದ್ದುಪಡಿಯಿಂದ. ಅದೂ ಕೈಗಾರಿಕಾ ವಿವಾದದ ವಿಚಾರಣೆಗೆ ಸೀಮಿತವಾಗಿತ್ತು. ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬಾರದ ಮ್ಯಾನೇಜರುಗಳು ಹೊರಗೇ ಉಳಿದಿದ್ದರು. ಹೀಗಾಗಿ ಡಿಕೋಸ್ಟಾ ಪ್ರಕರಣ ಸಮಾನ ವೇತನದ ತೀರ್ಪಾಗಿ ಮೇಲ್ಪಂಕ್ತಿ. ಕೆಲಸ ಕಳೆದುಕೊಂಡವರಿಗೆ ಸಿಕ್ಕ ನ್ಯಾಯವಾಗಿ ಅರ್ಧ ಮಾತ್ರ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ವಜಾ ಪ್ರಶ್ನಿಸಿ ಕಾರ್ಮಿಕ ತಾನೇ ನೇರವಾಗಿ ನ್ಯಾಯಮಂಡಳಿಗೆ ಹೋಗಲು ಮೊದಲು ಮೂರು ವರ್ಷ ಅವಕಾಶವಿತ್ತು. ಈಗ ವಿವಾದವನ್ನು ಸಂಧಾನಾಧಿಕಾರಿಯ ಮುಂದೆ ತರಲು ಎರಡೇ ವರ್ಷ. ಕೆಲಸ ಹೋದವರು ನೇಮಕಾತಿ ಪತ್ರ, ಸಂಬಳದ ಚೀಟಿ, ಕೊಟ್ಟ ದೂರಿನ ಪ್ರತಿ ಜೋಪಾನ ಮಾಡಿ, ಬಾಕಿ ಸಂಬಳದ ಜೊತೆಗೆ ವಜಾವನ್ನೂ ಪ್ರಶ್ನಿಸುವ ಬಗ್ಗೆ ತಡಮಾಡದೆ ಕಾರ್ಮಿಕ ಇಲಾಖೆಯಲ್ಲೋ ವಕೀಲರ ಬಳಿಯೋ ವಿಚಾರಿಸಿ.