ಯಾರ ಕಡಿಂದ ಬಂದೀರಿ?

ಕನ್ನಡದಲ್ಲಿ ಪುಸ್ತಕದ ಏಜೆಂಟರಿಲ್ಲ. ಇದನ್ನು ಮೊದಲಿಗೇ ಹೇಳಿಬಿಡಬೇಕು. ಯಾಕಂದರೆ ಕಾಲೇಜು ಮುಗಿಸಿದ ನಮ್ಮ ಅನೇಕ ಗೆಳೆಯರು ಮಕ್ಕಳ ಚಿತ್ರಪುಸ್ತಕದ ಹಸ್ತಪ್ರತಿ ಹಿಡಕೊಂಡು, 'ಒಬ್ಬ ಏಜೆಂಟ ಸಿಕ್ಕರ ಸಾಕಿತ್ತು' ಎಂದು ತಿರುಗುತ್ತಿದ್ದಾರೆ. ಸಿಗುವುದಿಲ್ಲ ಗೆಳೆಯರೆ. ಯಾಕೆ ಸಿಗುವುದಿಲ್ಲ, ಅವನ ಜಾಗದಲ್ಲಿ ಯಾರು ಕೂತಿದ್ದಾರೆ, ನಮ್ಮ ಕೇರಿಯ ಮಗುವಿನ ಚಿತ್ರ ಯಾವ ಬಾಗಿಲಲ್ಲಿ ನಿಂತುಹೋಗುತ್ತದೆ ಎಂಬುದನ್ನು ನಾವು ಬಿಚ್ಚಿ ನೋಡಬೇಕಾಗಿದೆ.

ಏಜೆಂಟನೆಂದರೆ ಹಸ್ತಪ್ರತಿ ಓದಿ, ತಿದ್ದಿಸಿ, ತಕ್ಕ ಪ್ರಕಾಶಕನ ಮುಂದಿಟ್ಟು, ಕರಾರು ಮಾಡಿಸಿ, ಬಂದ ಹಣದಲ್ಲಿ ತನ್ನ ಪಾಲು ಹಿಡಿಯುವವನು. ಲಂಡನ್ನಿನಲ್ಲಿ ಎ.ಪಿ. ವಾಟ್ ಎಂಬಾತ 1870ರ ದಶಕದಲ್ಲಿ ಈ ಕಸುಬು ಹಿಡಿದ. ನೂರಕ್ಕೆ 10 ಅವನ ದಲ್ಲಾಳಿ. ಈಗ ಅಲ್ಲಿ ನೂರಕ್ಕೆ 15ರ ರೂಢಿ. ನಮ್ಮ ಮಂದಿಗೆ ಇದು ಹೊಸದೇನಲ್ಲ. ಬೆಳಗಾವಿಯ ಅಡತಿ ಅಂಗಡಿಯಲ್ಲಿ ರೈತ ಮಾಲು ಸುರಿಯುತ್ತಾನೆ, ಅಡತ್ಯಾ ಸವಾಲು ಕೂಗಿಸುತ್ತಾನೆ, ಕಮಿಶನ್ ಮುರಕೊಂಡು ಪಟ್ಟಿ ಬರೆದು ಕೊಡುತ್ತಾನೆ. ಲಾಭವಿಲ್ಲದ ಮಾಲಿಗೆ ಯಾವ ಅಡತ್ಯಾನೂ ಅಂಗಡಿ ತೆಗೆಯುವುದಿಲ್ಲ.

ಲೆಕ್ಕ ಹಾಕೋಣ. 100 ರೂಪಾಯಿಯ ಚಿತ್ರಪುಸ್ತಕ, 1000 ಪ್ರತಿ. ನೂರಕ್ಕೆ 10ರಂತೆ ಗೌರವಧನ ಕೊಟ್ಟರೆ 10,000 ರೂಪಾಯಿ. ಅದರಲ್ಲಿ ಅರ್ಧ ಚಿತ್ರ ತೆಗೆದವನದು. ಎಲ್ಲ ಸೇರಿ ಏಜೆಂಟನಿಗೆ ನೂರಕ್ಕೆ 15 ಎಂದರೆ 1,500 ರೂಪಾಯಿ. ಎಲ್ಲ ಪ್ರತಿಯೂ ಖರ್ಚಾದರೆ ಮಾತ್ರ. ಇಷ್ಟಕ್ಕಾಗಿ ಯಾರು ವರ್ಷಗಟ್ಟಲೆ ಬಾಗಿಲು ಬಡಿಯುತ್ತಾರೆ? 1997ರಲ್ಲಿ ಬೆಂಗಳೂರಿನಲ್ಲೇ ಜಕರಂಡಾ ಎಂಬ ಏಜೆನ್ಸಿ ಹುಟ್ಟಿತು, ಆದರೆ ಈ ಕಸುಬು ನಡೆದದ್ದು ಇಂಗ್ಲಿಷಿನ ಮಾರುಕಟ್ಟೆಯಲ್ಲಿ. ಬಂಡಾಯದ ದಾರಿಯಿಂದಲೇ ಬಂದ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ನಾವೂ ಹಿಗ್ಗಿದೆವು. ಆದರೆ ಕನ್ನಡದ ಬರಹ ಇಂಗ್ಲಿಷಾದ ಮೇಲೆ ತೆರೆಯುವ ಬಾಗಿಲಿನಿಂದ ಖಾನಾಪುರ ತಾಲೂಕಿನ ಸಾಲಿಯ ಒಂದನೇ ಇಯತ್ತೆಯ ಹುಡುಗಿಗೆ ಏನು ಬಂತು? ಅವಳ ಪುಸ್ತಕ ಕನ್ನಡದಲ್ಲೇ ಹುಟ್ಟಬೇಕು, ಕನ್ನಡದಲ್ಲೇ ಅವಳ ಕೈಗೆ ಬರಬೇಕು.

ಏಜೆಂಟರಿಲ್ಲ ಅಂದ ಮಾತ್ರಕ್ಕೆ ದಲ್ಲಾಳಿತನವಿಲ್ಲ ಅಂತಲ್ಲ. ಅದು ಕಮಿಶನ್ ಇಲ್ಲದೆ, ಹೆಸರಿಲ್ಲದೆ ನಡೆಯುತ್ತದೆ. ಬೀಡಿಯಿಂದ ಹೊರಟು ಸುಮಾರು 500 ಕಿಲೋಮೀಟರ್ ದಾಟಿ ಬೆಂಗಳೂರಿಗೆ ಹಸ್ತಪ್ರತಿ ಒಯ್ದವನಿಗೆ ಮೊದಲು ಕೇಳುವುದು ಕಥೆ ಏನೆಂದು ಅಲ್ಲ. 'ಯಾರ ಕಡಿಂದ ಬಂದೀರಿ?' ಎಂದು. ಯಾರ ಶಿಷ್ಯ, ಯಾವ ಮೇಷ್ಟ್ರ ಪತ್ರ ತಂದಿದ್ದಾನೆ, ಅಡ್ಡಹೆಸರು ಏನು. ಈ 'ಕಡೆಯವರು' ಎಂಬುದೇ ಕನ್ನಡದ ಏಜೆನ್ಸಿ. ಅಪ್ಪ ಅಜ್ಜ ಓದಿದ ಮನೆಯವನಿಗೆ ಅದು ಹುಟ್ಟಿನಿಂದಲೇ ಸಿಗುತ್ತದೆ. ಮನೆತನದಲ್ಲಿ ಮೊದಲನೆಯವನಾಗಿ ಪದವಿ ಪಡೆದವನಿಗೆ ಎಲ್ಲಿಂದ ಬರಬೇಕು? ಲಂಡನ್ನಿನ ದಲ್ಲಾಳಿ ನೂರಕ್ಕೆ 15 ತಗೊಂಡು ಬಿಡುತ್ತಾನೆ. ಇಲ್ಲಿಯವನು ಋಣ ಹೊರಿಸುತ್ತಾನೆ, ಆ ಋಣ ತೀರುವುದೇ ಇಲ್ಲ.

ನಮ್ಮದೇ ಒಂದು ಹಸ್ತಪ್ರತಿಯ ಮಾತು ಹೇಳುತ್ತೇವೆ. ಕಥೆ ಸಣ್ಣದು, 24 ಪುಟ. ದುರ್ಗಿ ಎಂಬ ಹುಡುಗಿಯ ಅಜ್ಜ ಊರ ಮಂದಿಯ ಚಪ್ಪಲಿ ರಿಪೇರಿ ಮಾಡುತ್ತಾನೆ. ಅಜ್ಜ ಮಲಗಿದಾಗ ಅವಳು ಒಂದೊಂದೇ ಚಪ್ಪಲಿಯಲ್ಲಿ ಕಾಲಿಟ್ಟು ನಡೆಯುತ್ತಾಳೆ. ಗೌಡರ ಜಿರಿಕಿ ಚಪ್ಪಲಿ ಹಾಕಿದಾಗ ಹೊಟ್ಟೆ ಮುಂದೆ ಬರುತ್ತದೆ. ಮಾಸ್ತರರದು ಹಾಕಿದಾಗ ಕೈ ಹಿಂದೆ ಹೋಗುತ್ತದೆ. ಸ್ವಾಮಿಗಳ ಪಾದುಕೆ ಹಾಕಿದಾಗ ಜಾರಿ ಬೀಳುತ್ತಾಳೆ. ಕಡೆಗೆ ಅಜ್ಜ ಎದ್ದು, ನಕ್ಕು, ಕಾಗದದ ಮೇಲೆ ಅವಳ ಪಾದ ಇಡಿಸಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯುತ್ತಾನೆ. ಕೊನೆಯ ಪುಟದಲ್ಲಿ ಆ ಗೆರೆ ಮಾತ್ರ. ಚಿತ್ರ ತೆಗೆದವನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಹೆಸರು, ಹೂವು ಬರೆಯುವ ನಮ್ಮ ಗೆಳೆಯ.

ಒಬ್ಬ ಪ್ರಕಾಶಕರು ಉತ್ತರಿಸಿದರು: ಕಥೆ ಚೆನ್ನಾಗಿದೆ, ಆದರೆ ಎಲ್ಲ ಮಕ್ಕಳಿಗೂ ಹೊಂದಬೇಕಲ್ಲ, ಅಜ್ಜ ಚಪ್ಪಲಿಯ ಬದಲು ಬುಟ್ಟಿ ಹೆಣೆಯಲಿ. ಬುಟ್ಟಿ ಹೆಣೆಯುವವರಿಗೂ ಈ ದೇಶದಲ್ಲಿ ಜಾತಿ ಇದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಬುಟ್ಟಿಯೊಳಗೆ ಕಾಲಿಟ್ಟು ದುರ್ಗಿ ಯಾರ ಹಾಗೆ ನಡೆಯಬೇಕು ಎಂಬುದೂ ಹೊಳೆಯಲಿಲ್ಲ. ಇನ್ನೊಬ್ಬರು ಪಾದುಕೆಯ ಪುಟ ತೆಗೆಯಿರಿ ಎಂದರು. ಮೂರನೆಯವರು ಕಥೆ ಇಟ್ಟುಕೊಂಡು ಚಿತ್ರ ಬೇರೆಯವರಿಂದ ಮಾಡಿಸುತ್ತೇವೆ ಎಂದರು. ಕೇರಿಯ ಮಾತು ಬೇಕು, ಕೇರಿಯ ಕೈ ಬೇಡ.

'ಎಲ್ಲ ಮಕ್ಕಳು' ಎಂದರೆ ಯಾವ ಮಕ್ಕಳು? ಚಿತ್ರಪುಸ್ತಕವೆಂದರೆ ಕಥೆಯ ನಡುನಡುವೆ ಚಿತ್ರ ಅಂಟಿಸಿದ ಪುಸ್ತಕವಲ್ಲ. ಅಲ್ಲಿ ಅರ್ಧ ಮಾತನ್ನು ಚಿತ್ರವೇ ಆಡುತ್ತದೆ. ಅಕ್ಷರದಲ್ಲಿ ಜಾತಿ ಕಾಣದಿದ್ದರೂ ಚಿತ್ರದಲ್ಲಿ ಕಂಡುಬಿಡುತ್ತದೆ. 'ನಮ್ಮ ಹಳ್ಳಿ' ಎಂದು ಬರೆದ ಕೂಡಲೇ ಚಿತ್ರಕಾರ ಒಂದು ಗುಡಿ, ಒಂದು ತುಳಸಿಕಟ್ಟೆ, ಒಂದು ಬಾವಿ ತೆಗೆಯುತ್ತಾನೆ. ಬಾವಿಯ ಸುತ್ತ ನಗುವ ಹೆಣ್ಣುಮಕ್ಕಳು. ಆ ಬಾವಿ ಯಾರದು? ನೀರಿಗೆ ಕೈ ಹಚ್ಚಲು 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರು ಸಾವಿರಾರು ಮಂದಿಯನ್ನು ಕರಕೊಂಡು ನಡೆಯಬೇಕಾಯಿತು ಎಂಬುದು ಆ ಕುಂಚಕ್ಕೆ ಗೊತ್ತಿಲ್ಲ. ಆ ಹಳ್ಳಿಯಲ್ಲಿ ಕೇರಿಯೇ ಇಲ್ಲ. ಕೇರಿಯ ಮಗು ಆ ಚಿತ್ರ ನೋಡಿ, ತನ್ನ ಮನೆ ಹಳ್ಳಿಯ ಹೊರಗಿದೆ ಎಂದು ಎರಡನೆಯ ಸಲ ಕಲಿಯುತ್ತದೆ. ಪಂಜೆ, ರಾಜರತ್ನಂ, ಕಾರಂತರು ಮಕ್ಕಳ ಕಿವಿಗೆ ಕನ್ನಡದ ಸೊಗಸು ಇಳಿಸಿದರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಲೋಕ ಅಂಗಳದ ಆಚೆ ಬರಲಿಲ್ಲ.

ಅಮೆರಿಕದಲ್ಲಿ ಇದನ್ನು ಒಬ್ಬಾಕೆ ಎಣಿಸಿದಳು. ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಬರೆದ ಲೇಖನದಂತೆ, 1962ರಿಂದ 1964ರವರೆಗೆ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬ ಕರಿಯ ಮನುಷ್ಯನಾದರೂ ಕಾಣಿಸಿಕೊಂಡದ್ದು 349ರಲ್ಲಿ. ನೂರಕ್ಕೆ 7 ಕೂಡ ಇಲ್ಲ. ಅದೇ 1962ರಲ್ಲಿ ಎಜ್ರಾ ಜಾಕ್ ಕೀಟ್ಸ್ ಹಿಮದಲ್ಲಿ ಆಡುವ ಒಬ್ಬ ಕರಿಯ ಹುಡುಗನ ಚಿತ್ರಪುಸ್ತಕ ತಂದ. ಹುಡುಗ ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಹೆಜ್ಜೆ ಮೂಡಿಸುತ್ತಾನೆ, ಅಷ್ಟೆ. ಯಾರೂ ಅವನನ್ನು ಹೊಡೆಯುವುದಿಲ್ಲ, ಯಾರೂ ಉದ್ಧಾರ ಮಾಡುವುದೂ ಇಲ್ಲ. ಬರೆದವನು ಬಿಳಿಯ ಎಂಬ ಪ್ರಶ್ನೆ ಬೇರೆ ಇದೆ. ಆದರೂ ತುಳಿತಕ್ಕೊಳಗಾದವರ ಮಗುವಿಗೆ ಸುಮ್ಮನೆ ಆಡುವ ಹಕ್ಕು ಪುಸ್ತಕದಲ್ಲಿ ಸಿಕ್ಕಿತು.

ಈ ಹಕ್ಕಿನ ಮುಂದೆ ನಿಲ್ಲಿಸಿ ನಮ್ಮವರ ಪುಸ್ತಕಗಳನ್ನೂ ನೋಡಬೇಕು. ಕಂಚ ಐಲಯ್ಯ ಬರೆದು, ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್ ಚಿತ್ರ ತೆಗೆದ, ದುಡಿಮೆಯ ಘನತೆ ಹೇಳುವ ಪುಸ್ತಕವನ್ನು 2007ರಲ್ಲಿ ನವಯಾನ ಇಂಗ್ಲಿಷಿನಲ್ಲಿ ತಂದಿತು. ಚರ್ಮ ಹದ ಮಾಡುವವನು, ಕುಂಬಾರ, ಅಗಸ ಇಲ್ಲಿ ವಿಜ್ಞಾನಿಗಳಾಗಿ ನಿಲ್ಲುತ್ತಾರೆ. ಇದು ದೊಡ್ಡ ಕೆಲಸ. ಆದರೆ ಅದು ಪಾಠದ ಪುಸ್ತಕ, ತಂಟೆ ಮಾಡುವ ಮಗು ಅದರೊಳಗೆ ಓಡಿಬರುವುದಿಲ್ಲ. 2011ರ 'ಭೀಮಾಯನ'ದಲ್ಲಿ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚೌಕಟ್ಟುಗಳನ್ನೇ ಒಡೆದು, ನೀರು, ಮೀನು, ಹಕ್ಕಿಗಳ ನಡುವೆ ಬಾಬಾಸಾಹೇಬರ ಬದುಕು ಹೇಳಿದರು. ಅಲ್ಲಿ ಭೀಮ ಬಾಯಾರಿದ ಹುಡುಗ. ಆ ಬಾಯಾರಿಕೆ ಸತ್ಯ. ಅದೊಂದೇ ಚಿತ್ರ ಸಾಕೇ? 2008ರಲ್ಲಿ ಹೈದರಾಬಾದಿನ ಅನ್ವೇಷಿ ಸಂಸ್ಥೆ ರೂಪಿಸಿದ ಮಕ್ಕಳ ಕಥಾಮಾಲೆ ಇನ್ನೂ ಹತ್ತಿರ ಬರುತ್ತದೆ. ಗೋಗು ಶ್ಯಾಮಲಾ ಅವರ ಕಥೆಯಲ್ಲಿ ಗೆಲ್ಲುವ ಹುಡುಗಿಗೆ ರಾಕ್ಷಸಿ ತಾಟಕಿಯ ಹೆಸರು. ಮಹಮ್ಮದ್ ಖದೀರ್ ಬಾಬು ಅವರ ಕಥೆಯಲ್ಲಿ ಮನೆಯಲ್ಲಿ ತಲೆಮಾಂಸ ಬೇಯುವುದೇ ಹಬ್ಬ. ಇವು ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ಬಂದವು. ಗಡಿಯಾಚೆ ಆದದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ?

ಇಲ್ಲಿ ನಾವು ನಮ್ಮ ಚಳವಳಿಯನ್ನೂ ಕೇಳಬೇಕು. 1979ರ ಬಂಡಾಯ ಸಮ್ಮೇಳನದಿಂದ ಈಚೆಗೆ ನಾವು ಕಾವ್ಯ ಕೊಟ್ಟೆವು, ಕಥೆ, ಕಾದಂಬರಿ ಕೊಟ್ಟೆವು. 'ಗೌರ್ಮೆಂಟ್ ಬ್ರಾಹ್ಮಣ', 'ಊರುಕೇರಿ'ಯಂಥ ಆತ್ಮಕಥೆ ಕೊಟ್ಟೆವು. ಅವುಗಳ ತುಂಬ ನಮ್ಮ ಬಾಲ್ಯವೇ ಇದೆ. ಆದರೆ ಓದುವವರು ದೊಡ್ಡವರು. ನಮ್ಮ ಬಾಲ್ಯ ದೊಡ್ಡವರ ಕಣ್ಣು ಒದ್ದೆಮಾಡುವ ಸಾಹಿತ್ಯವಾಯಿತು, ಮಕ್ಕಳು ನಗುವ ಪುಟ ಆಗಲಿಲ್ಲ. ಊರುಕೇರಿಯಲ್ಲಿ ಸಿದ್ಧಲಿಂಗಯ್ಯನವರು ನೋವನ್ನೇ ನಗೆಯಾಗಿ ಹೇಳಿದ ಆ ದಾರಿಯನ್ನು ಯಾರೂ ಒಂದನೇ ಇಯತ್ತೆಯವರೆಗೆ ಎಳೆಯಲಿಲ್ಲ. ಮಕ್ಕಳ ಸಾಹಿತ್ಯವೆಂದರೆ ಹೋರಾಟಕ್ಕೆ ಹೊರಗಿನದು ಎಂಬ ಅಸಡ್ಡೆ ನಮ್ಮೊಳಗೇ ಇದೆ.

ಕೇರಿಯ ಹಿರಿಯರ ಆಕ್ಷೇಪ ಮಾತ್ರ ಅಸಡ್ಡೆಯದಲ್ಲ. 'ಯಪ್ಪಾ, ಆ ಕೆಲಸ ಬಿಡಸಾಕ ಜೀವಾ ತೇದೀವಿ, ನೀವು ಮತ್ತ ಅದನ್ನ ಚಿತ್ರಕ್ಕ ಹಾಕಿ ಹುಡುಗೂರಿಗೆ ತೋರಸ್ತೀರೇನು?' ಎಂದರು. ಈ ಮಾತಿಗೆ ತಲೆಬಾಗಿ ಉತ್ತರ ಕೊಡಬೇಕು. ಅವಮಾನ ಚರ್ಮದಲ್ಲಿ ಇಲ್ಲ, ಇನ್ನೇನೂ ಮಾಡಕೂಡದು ಎಂಬ ಕಟ್ಟಳೆಯಲ್ಲಿದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯನ್ನು ಮಿಲಾನಿನ ಪ್ರದರ್ಶನದಲ್ಲಿ ನಡೆಸಿತು. ಮಾಡಿದ ಕೈಯ ಊರು ಮೊದಲು ಹೇಳಲಿಲ್ಲ, ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಚಪ್ಪಲಿ ಮಿಲಾನಿಗೆ ಹೋಗಬಹುದು, ಮಕ್ಕಳ ಪುಸ್ತಕಕ್ಕೆ ಮಾತ್ರ ಹೋಗಬಾರದು! ದುರ್ಗಿ ಅಜ್ಜನ ಕಸುಬನ್ನೇ ಹಿಡಿಯಬೇಕೆಂದು ನಮ್ಮ ಕಥೆ ಹೇಳುವುದಿಲ್ಲ. ಊರ ದೊಡ್ಡಸ್ತಿಕೆಯೆಲ್ಲ ಅವಳ ಕಾಲಿಗೆ ಸಡಿಲ ಎಂದಷ್ಟೇ ತೋರಿಸುತ್ತದೆ.

ಇನ್ನು ದುಡ್ಡಿನ ಮಾತು. ಬಣ್ಣದ ಪುಸ್ತಕಕ್ಕೆ ಕಪ್ಪು ಮುದ್ರಣದ ಒಂದು ಪ್ಲೇಟಿನ ಜಾಗದಲ್ಲಿ ನಾಲ್ಕು ಬೇಕು. 500 ಪ್ರತಿ ತೆಗೆದರೂ 5000 ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ. ಹಾಗಾಗಿ ಸಣ್ಣ ಪ್ರಕಾಶಕನಿಗೆ ಭಯ. ಗ್ರಂಥಾಲಯ ಖರೀದಿಯಲ್ಲಿ ಪುಟದ ಲೆಕ್ಕಕ್ಕೆ ಬೆಲೆ ಕಟ್ಟುವ ಪದ್ಧತಿಯಿರುವಾಗ 24 ಪುಟದ ಪುಸ್ತಕ 240 ಪುಟದ ಕಾದಂಬರಿಯ ಮುಂದೆ ನಿಲ್ಲುವುದು ಕಷ್ಟ. ಇದು ನಾವು ಕೂಡಿ ಜಗಳಾಡಬೇಕಾದ ನೀತಿ.

ಹಾಗಾದರೆ ದಾರಿ? ಏಜೆಂಟನ ಕೆಲಸವನ್ನು ತುಂಡು ಮಾಡಿ ನಾವೇ ಹಂಚಿಕೊಳ್ಳೋಣ. ಓದಿ ತಿದ್ದುವ ಕೆಲಸ ಸಾಲಿಯ ಮಾಸ್ತರರದು, ಅಕ್ಕೋರದು. ಹಸ್ತಪ್ರತಿಯನ್ನು ಮೊದಲು ಮಕ್ಕಳ ಮುಂದೆ ಓದಿರಿ, ಎಲ್ಲಿ ಆಕಳಿಸುತ್ತಾರೆ, ಎಲ್ಲಿ ನಗುತ್ತಾರೆ ಗುರುತು ಹಾಕಿರಿ. ನಮ್ಮ ತಾಲೂಕಿನಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳೂ ಇದ್ದಾರೆ, ಅವರ ಮುಂದೆಯೂ ಓದಿರಿ. ಬಾಗಿಲು ಬಡಿಯುವ ಕೆಲಸ ನಮ್ಮಂಥ ಪದವೀಧರರದು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ, ದಿಲ್ಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ಚಿತ್ರಪುಸ್ತಕ ತರುತ್ತವೆ. ಇಂಥಲ್ಲಿಗೆ ನೇರ ಬರೆಯಿರಿ, ಪತ್ರದಲ್ಲಿ ಚಿತ್ರಕಾರನ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ ಇರಲಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ, ಅದನ್ನು ಕೇಳುವುದು ಭಿಕ್ಷೆಯಲ್ಲ.

ಕರಾರು ಓದುವ ಕೆಲಸ ಕಾನೂನು ಓದುವ ಗೆಳೆಯರದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಬರೆದವರ ಜೀವಮಾನವಿಡೀ, ಆಮೇಲೆ 60 ವರ್ಷ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾಯಿದೆ ತಿಳಿಯುತ್ತದೆ. ಪುಸ್ತಕ ಬಂದರೆ ಸಾಕೆಂದು 'ಎಲ್ಲ ಹಕ್ಕು ನಿಮಗೇ' ಎಂದು ರುಜು ಹಾಕಬೇಡಿರಿ. ನಮ್ಮ ಅಜ್ಜಂದಿರು ಓದಲಾರದೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು. ನಾವು ಓದಿಯೂ ಕಳಕೊಳ್ಳಬಾರದು.

ಕೊನೆಗೆ ಒಂದು ಕೆಲಸ. ಓದುಗರಲ್ಲಿ ಮಾಸ್ತರರು, ಅಕ್ಕೋರು ಬಹಳ ಮಂದಿ. ನಿಮ್ಮ ಸಾಲಿಯ ಕಪಾಟು ತೆಗೆಯಿರಿ, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕೂ ಹೋಗಿರಿ. ಚಿತ್ರಪುಸ್ತಕ ಎಷ್ಟಿವೆ, ಎಷ್ಟರಲ್ಲಿ ಕೇರಿಯ ಮಗು ಇದೆ, ಎಷ್ಟರಲ್ಲಿ ಅದು ಯಾರ ಕೈಯಿಂದಲೂ ಏನನ್ನೂ ಇಸಕೊಳ್ಳದೆ ಸುಮ್ಮನೆ ಆಡುತ್ತಿದೆ, ಎಣಿಸಿ ಈ ಪತ್ರಿಕೆಗೆ ಬರೆದು ಕಳಿಸಿರಿ. ಆ ಲೆಕ್ಕ ಹಿಡಕೊಂಡು ಪ್ರಕಾಶಕರ ಬಾಗಿಲಿಗೆ, ಇಲಾಖೆಯ ಬಾಗಿಲಿಗೆ ಹೋಗೋಣ. ಅಲ್ಲಿ ಯಾರ ಕಡೆಯವರು ಎಂದು ಕೇಳಿದರೆ ಹೇಳುವುದಕ್ಕೆ ಆಗ ನಮ್ಮ ಹತ್ತಿರ ಒಂದು ತಾಲೂಕಿನ ಮಕ್ಕಳೇ ಇರುತ್ತಾರೆ.